ಶಿಮ್ಲಾ ಗುಡ್ಡದ ಮೇಲಿನ ದಫ್ತರ

ದಫ್ತರವು ಒಂದೂರಿನಲ್ಲಿ, ಅದರ ನೌಕರನು ಸಾವಿರ ಮೈಲಿಯಾಚೆಯ ಮತ್ತೊಂದೂರಿನಲ್ಲಿ, ಎರಡರ ನಡುವೆ ಕೂದಲೆಳೆಯಷ್ಟು ಸಣ್ಣದಾದ ಗಾಜಿನ ತಂತಿ. ಈ ಏರ್ಪಾಡು ಈಗ ಯಾರಿಗೂ ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. 2020ರಲ್ಲಿ ಮಹಾಮಾರಿಯ ಭಯದಿಂದ ಕಚೇರಿಗಳ ಬಾಗಿಲು ಮುಚ್ಚಿದಾಗ ಆಪದ್ಧರ್ಮವೆಂದು ಒಪ್ಪಿಕೊಂಡ ಪದ್ಧತಿಯು, ಆಪತ್ತು ಕಳೆದ ಮೇಲೂ ಅನೇಕ ಕಂಪನಿಗಳಲ್ಲಿ ಪೂರ್ಣವಾಗಿಯೋ ಭಾಗಶಃವೋ ನಿಂತುಬಿಟ್ಟಿದೆ. ಬೆಂಗಳೂರಿನ ಧೂಳಿನಿಂದಲೂ ವಾಹನಗಳ ಸಂದಣಿಯಿಂದಲೂ ಬೇಸತ್ತ ತರುಣರು ಕೆಲವರು ಹಿಮಾಚಲದ ಗಿರಿಪಟ್ಟಣಗಳಲ್ಲಿ ಕೋಣೆ ಹಿಡಿದು, ದೇವದಾರು ಮರಗಳ ನೆರಳಿನಲ್ಲಿ ಕುಳಿತು ಬೆಂಗಳೂರಿನ ಸಂಬಳಕ್ಕೆ ದುಡಿಯುತ್ತಿರುವರು. ಅಂಥವರ ತಂದೆತಾಯಿಗಳು ನಮ್ಮ ವಾಚಕರಲ್ಲಿಯೂ ಇರಬಹುದು. ಆ ತರುಣರನ್ನು ಹಳಿಯುವದಕ್ಕಾಗಿ ನಾವು ಲೇಖನಿ ಎತ್ತಿಲ್ಲ. ತಂಪು ಗಾಳಿಯನ್ನು ಬಯಸುವದು ಅಪರಾಧವಲ್ಲ. ಆದರೆ ಹೋಗಿ ನೆಲೆಸುವ ಊರಿನ ಪೂರ್ವಚರಿತ್ರೆ ಏನು, ಅದರ ನೆಲಜಲಗಳ ಇಂದಿನ ಗತಿ ಏನು, ಆ ಊರಿಗೆ ತಾವು ಸಲ್ಲಿಸಬೇಕಾದ ಋಣವೇನು ಎಂಬ ವಿಚಾರವನ್ನು ಯಾರಾದರೂ ಅವರ ಮುಂದೆ ಇಡಬೇಕಷ್ಟೆ. ಶಿಮ್ಲಾ ಪಟ್ಟಣವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ದೂರದ ಗುಡ್ಡದ ಮೇಲೆ ಕುಳಿತು ಬಯಲಿನ ಕೆಲಸ ನಡೆಸುವ ಪದ್ಧತಿಯನ್ನು ಈ ಕಾಲದವರು ಕಂಡುಹಿಡಿದರೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅದರ ಅತಿ ದೊಡ್ಡ ಪ್ರಯೋಗವು ಶಿಮ್ಲಾದಲ್ಲಿಯೇ ನಡೆದುಹೋಗಿದೆ, ಅದನ್ನು ನಡೆಸಿದವರು ಬ್ರಿಟಿಶ್ ಸರಕಾರದವರು. 1822ರಲ್ಲಿ ಕೆನಡಿ ಎಂಬ ಅಧಿಕಾರಿಯು ಅಲ್ಲಿ ಭದ್ರವಾದ ಮೊದಲನೆಯ ಮನೆ ಕಟ್ಟಿಸಿದನು. 1864ರಲ್ಲಿ ವೈಸರಾಯ್ ಜಾನ್ ಲಾರೆನ್ಸನು ಆ ಊರನ್ನು ಬೇಸಗೆಯ ರಾಜಧಾನಿಯೆಂದು ಗೊತ್ತುಮಾಡಿದನು. ಅಂದಿನಿಂದ ವರ್ಷವರ್ಷವೂ ಕಲಕತ್ತೆಯ ಸರಕಾರವು ತನ್ನ ಕಾರಕೂನರು, ಕಾಗದದ ಕಟ್ಟುಗಳು, ಪೆಟ್ಟಿಗೆ ಪಠಾರಿಗಳ ಸಮೇತ ಸಾವಿರ ಮೈಲಿಗೂ ಮಿಕ್ಕ ದಾರಿಯನ್ನು ಕ್ರಮಿಸಿ ಏಳು ಸಾವಿರ ಅಡಿ ಎತ್ತರದ ಗುಡ್ಡವನ್ನೇರತೊಡಗಿತು. ವರ್ಷದ ಅರ್ಧಭಾಗವನ್ನು ಅಲ್ಲಿಯೇ ಕಳೆದು, ಚಳಿ ಬಿದ್ದೊಡನೆ ಇಳಿಯುತ್ತಿತ್ತು. ಕಾಲ್ಕಾದಿಂದ ಶಿಮ್ಲಾದ ವರೆಗಿನ ಸಣ್ಣ ರೈಲು ದಾರಿ ತೆರೆದದ್ದು 1903ರಲ್ಲಿ. ಅದಕ್ಕೆ ಮೊದಲು ಇಷ್ಟೂ ಭಾರವು ಎತ್ತು, ಕುದುರೆ, ಹೇಸರಗತ್ತೆಗಳ ಮೇಲೂ ಮನುಷ್ಯನ ಬೆನ್ನಿನ ಮೇಲೂ ಏರುತ್ತಿತ್ತು. ಇಂದಿನ ನೌಕರನಿಗೆ ಗಾಜಿನ ತಂತಿ ಇರುವಂತೆ ಅಂದಿನ ಸರಕಾರಕ್ಕೆ ವಿದ್ಯುತ್ ತಂತಿಯಿತ್ತು. ತಂತಿಯಿದ್ದರೆ ಸಾಕು, ರಾಜ್ಯವನ್ನು ಎಲ್ಲಿಂದಾದರೂ ಆಳಬಹುದೆಂದು ಅವರು ನಂಬಿದ್ದರು.

ಆ ನಂಬಿಕೆಯ ಬೆಲೆಯನ್ನು ಕನ್ನಡ ನಾಡು ಬಲ್ಲದು. 1876ರ ಮಳೆ ತಪ್ಪಿ ಆರಂಭವಾದ ಮಹಾಕ್ಷಾಮದಲ್ಲಿ ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳ ಜನರು ಕೂಳಿಲ್ಲದೆ ಸತ್ತರು. ವೈಸರಾಯ್ ಲಿಟ್ಟನ್ನನು ಮದ್ರಾಸಿಗೂ ಮೈಸೂರಿಗೂ ಇಳಿದು ಬಂದದ್ದು 1877ರ ಆಗಸ್ಟಿನ ಕೊನೆಯಲ್ಲಿ, ಕ್ಷಾಮವು ಹಿಡಿದು ವರ್ಷವಾಗುತ್ತ ಬಂದಾಗ. ತಂತಿಯ ಸುದ್ದಿಗಳು ಅವನಿಗೆ ಮುಟ್ಟದೆ ಇದ್ದಿಲ್ಲ. ಸುದ್ದಿ ಮುಟ್ಟುವದು ಬೇರೆ, ಸಂಕಟ ಮುಟ್ಟುವದು ಬೇರೆ. 1921ರಲ್ಲಿ ಶಿಮ್ಲಾಕ್ಕೆ ಹೋಗಿಬಂದ ಮಹಾತ್ಮಾ ಗಾಂಧಿಯವರು ಈ ಆಳಿಕೆಯನ್ನು ಐನೂರನೆಯ ಮಾಳಿಗೆಯ ಮೇಲೆ ಅಂಗಡಿ ಹೂಡಿದ ವ್ಯಾಪಾರಿಗೆ ಹೋಲಿಸಿದರು. ಗಿರಾಕಿಯು ಮೆಟ್ಟಲೇರಿ ಅಲ್ಲಿಗೆ ಮುಟ್ಟುವದು ಯಾವಾಗ, ಅವನ ಕೂಗು ಕೇಳಿಸುವದು ಯಾವಾಗ? ಈ ಉಪಮೆಯು ಆಳುವವರನ್ನು ಕುರಿತು ಹೇಳಿದ್ದು. ಆದರೂ ದೂರದಿಂದ ದುಡಿಯುವ ಪ್ರತಿಯೊಬ್ಬನೂ ನೆನಪಿನಲ್ಲಿಡತಕ್ಕದ್ದು.

ಆ ಕಾಲದ ಶಿಮ್ಲಾದ ಸುಖವನ್ನು ಹೊತ್ತವರು ಗುಡ್ಡಗಾಡಿನ ಬಡಜನರು. ಮಾಲ್ ಎಂಬ ಮುಖ್ಯ ಬೀದಿಯಲ್ಲಿ ಗಾಡಿ ಓಡಿಸುವ ಅಧಿಕಾರವು ವೈಸರಾಯ್, ಸೇನಾಧಿಪತಿ, ಪಂಜಾಬಿನ ಗವರ್ನರ ಈ ಮೂವರಿಗೆ ಮಾತ್ರ. ಉಳಿದ ದೊಡ್ಡ ಮನುಷ್ಯರನ್ನು ಕೂಲಿಕಾರರು ರಿಕ್ಷಾಗಳಲ್ಲಿ ಎಳೆಯುತ್ತಿದ್ದರು. ಸುತ್ತಲಿನ ಹಳ್ಳಿಗಳ ರೈತರನ್ನು ಹೊಲದ ಕೆಲಸ ಬಿಡಿಸಿ ಹೊರೆ ಹೊರಿಸುವ ಬಿಟ್ಟಿಯ ಪದ್ಧತಿಯಿತ್ತು. ಅಲ್ಲಿಯವರು ಅದನ್ನು ‘ಬೇಗಾರ್’ ಎನ್ನುತ್ತಿದ್ದರು. ಈ ಬಿಟ್ಟಿಯ ವಿರುದ್ಧ ಹಳ್ಳಿಗರನ್ನು ಎಚ್ಚರಿಸಿ ಹೋರಾಡಿದವರಲ್ಲಿ ಮುಖ್ಯನಾದವನು ಪರದೇಶದಿಂದ ಬಂದವನೇ ಎಂಬದು ಗಮನಿಸತಕ್ಕ ಮಾತು. ಅಮೇರಿಕೆಯ ಶ್ರೀಮಂತ ಮನೆತನದ ಸ್ಯಾಮ್ಯುಅಲ್ ಸ್ಟೋಕ್ಸರು 1904ರಲ್ಲಿ ಹಿಂದುಸ್ಥಾನಕ್ಕೆ ಬಂದು, ಶಿಮ್ಲಾದ ಆಚೆಯ ಕೋಟಗಢದಲ್ಲಿ ನೆಲೆಸಿದರು. ಅಲ್ಲಿಯ ಹೆಣ್ಣನ್ನು ಮದುವೆಯಾದರು, ಶಾಲೆ ತೆರೆದರು. 1916ರಲ್ಲಿ ಅಮೇರಿಕೆಯ ಒಳ್ಳೆಯ ಜಾತಿಯ ಸೇಬಿನ ಸಸಿಗಳನ್ನು ತಂದು ನೆಟ್ಟು, ಅದರ ಕೃಷಿಯನ್ನು ನೆರೆಯ ರೈತರಿಗೆ ಕಲಿಸಿದರು. 1921ರಲ್ಲಿ ದೇಶಕ್ಕಾಗಿ ಸೆರೆಮನೆಗೆ ಹೋದರು. 1932ರಲ್ಲಿ ಸತ್ಯಾನಂದರೆಂಬ ಹೆಸರನ್ನು ತಳೆದರು. ಹಿಮಾಚಲದ ರೈತನು ಇಂದು ಸೇಬಿನಿಂದ ಉಣ್ಣುವ ಅನ್ನದಲ್ಲಿ ಅವರ ಪಾಲಿದೆ.

ಹೀಗೆ ಗುಡ್ಡಕ್ಕೆ ಹೊರಗಿನಿಂದ ಬಂದವರಲ್ಲಿ ಎರಡು ಬಗೆ. ಗುಡ್ಡದ ಗಾಳಿಯನ್ನುಂಡು, ಗುಡ್ಡದವನ ಬೆನ್ನ ಮೇಲೆ ಹೊರೆ ಹೊರಿಸಿ, ಋತು ತಿರುಗಿದೊಡನೆ ಇಳಿದುಹೋದವರು ಒಂದು ಬಗೆ. ಗುಡ್ಡದ ಸುಖದುಃಖಗಳಲ್ಲಿ ಪಾಲುಗಾರರಾದವರು ಮತ್ತೊಂದು ಬಗೆ. ಇಂದು ಶಿಮ್ಲಾದಲ್ಲಿ ಕೋಣೆ ಹಿಡಿಯುವ ನಮ್ಮ ತರುಣನು ಯಾವ ಪಂಕ್ತಿಯಲ್ಲಿ ಕೂಡುವನು ಎಂಬದೇ ನಮ್ಮ ಪ್ರಶ್ನೆ.

ಆ ಊರಿನ ಇಂದಿನ ಸ್ಥಿತಿಯನ್ನು ನೋಡಿದರೆ ಈ ಪ್ರಶ್ನೆಯ ತೂಕ ತಿಳಿದೀತು. ಆಂಗ್ಲರು ಅದನ್ನು ಇಪ್ಪತ್ತೈದು ಸಾವಿರ ಜನರಿಗಾಗಿ ರಚಿಸಿದರೆಂದು ಹೇಳುವ ವಾಡಿಕೆಯಿದೆ. 2011ರ ಜನಗಣತಿಯಲ್ಲಿ ಅಲ್ಲಿ 1,69,578 ಜನರಿದ್ದರು. ಬೇಸಗೆಯ ಪ್ರವಾಸಿಗರು ಈ ಲೆಕ್ಕದಲ್ಲಿ ಸೇರಿಲ್ಲ. ಅದು ಹೊಳೆಯ ದಂಡೆಯ ಊರಲ್ಲ, ಗುಡ್ಡದ ಏಣಿನ ಮೇಲಿನ ಊರು. ಕುಡಿಯುವ ನೀರನ್ನು ಕಣಿವೆಯ ಹಳ್ಳಗಳಿಂದ ಸಾವಿರಾರು ಅಡಿ ಮೇಲಕ್ಕೆತ್ತಬೇಕು. 2015ರ ಕೊನೆಯಿಂದ 2016ರ ಆರಂಭದ ವರೆಗೆ ಅಶ್ವನಿ ಖಡ್ಡಿನ ನೀರಿನಲ್ಲಿ ಚರಂಡಿಯ ಹೊಲಸು ಸೇರಿ ಊರಿನಲ್ಲಿ ಕಾಮಾಲೆ ಹಬ್ಬಿತು. 2018ರ ಬೇಸಗೆಯಲ್ಲಿ ನೀರಿನ ಪೂರೈಕೆಯು ಬೇಡಿಕೆಯ ಅರ್ಧಕ್ಕೂ ಕೆಳಗಿಳಿಯಿತು. ಜನರು ಕೊಡ ಹಿಡಿದು ರಾತ್ರಿಯಿಡೀ ಸಾಲಿನಲ್ಲಿ ನಿಂತರು, ಶಾಲೆಗಳನ್ನು ಮುಚ್ಚಲಾಯಿತು, ಬೇಸಗೆಯ ಉತ್ಸವವನ್ನು ಮುಂದೂಡಲಾಯಿತು. ದೊಡ್ಡವರ ಮನೆಗಳಿಗೆ ಟ್ಯಾಂಕರಿನ ನೀರು ಹೋಗುವದನ್ನು ಉಚ್ಚ ನ್ಯಾಯಾಲಯವೇ ತಡೆಯಬೇಕಾಯಿತು. ದಯಮಾಡಿ ನಮ್ಮೂರಿಗೆ ಬರಬೇಡಿರೆಂದು ಪಟ್ಟಣಿಗರು ಪ್ರವಾಸಿಗರನ್ನು ಬೇಡಿಕೊಂಡರು. ಅತಿಥಿಯನ್ನು ದೇವರೆನ್ನುವ ದೇಶದಲ್ಲಿ ಇಂಥ ಮಾತು ಬಾಯಿಂದ ಹೊರಡಬೇಕಾದರೆ ಸಂಕಟವೆಷ್ಟಿರಬೇಕು!

ನೀರಿನ ಮಾತು ಹೀಗಾದರೆ ನೆಲದ ಮಾತು ಇನ್ನೂ ಘೋರವಾದದ್ದು. ಕಡಿದಾದ ಇಳಿಜಾರಿನಲ್ಲಿ ಒಂದರ ತಲೆಯ ಮೇಲೆ ಇನ್ನೊಂದು ಕಾಲಿಟ್ಟಂತೆ ಐದಾರು ಅಂತಸ್ತಿನ ಕಟ್ಟಡಗಳು ಎದ್ದಿವೆ. 2017ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಪಟ್ಟಣದ ಹೃದಯಭಾಗದಲ್ಲಿಯೂ ಹಸಿರು ವಲಯಗಳಲ್ಲಿಯೂ ಹೊಸ ಕಟ್ಟಡಗಳನ್ನು ನಿಷೇಧಿಸಿತು. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತೆಗೆದುಹಾಕಿ, ರಾಜ್ಯ ಸರಕಾರದ 2041ರ ವರೆಗಿನ ಅಭಿವೃದ್ಧಿ ಯೋಜನೆಗೆ ದಾರಿ ಬಿಟ್ಟಿತು. ಯೋಜನೆ ಮಾಡುವ ಅಧಿಕಾರವು ಚುನಾಯಿತ ಸರಕಾರದ್ದೆಂಬ ತತ್ವವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಅಧಿಕಾರವು ಮರಳಿ ಕೈಗೆ ಬಂದೊಡನೆ ಹೊಣೆಯೂ ಬಂದಿತು. ಈ ಎರಡು ಆಜ್ಞೆಗಳ ನಡುವೆ, 2023ರ ಆಗಸ್ಟ್ 14ರಂದು, ಸಮರ್ ಹಿಲ್ಲಿನಲ್ಲಿ ಗುಡ್ಡ ಜರಿದು ಶಿವಾಲಯವೊಂದು ಕೊಚ್ಚಿಹೋಗಿ 20 ಜನರು ಮಡಿದರು. ಕೆಳಗಿನ ಮಣ್ಣು ಹೋಗಿ ರೈಲು ಹಳಿಗಳು ಗಾಳಿಯಲ್ಲಿ ತೂಗಾಡಿದವು. ಅದಕ್ಕೆ ಐದು ವರ್ಷ ಮೊದಲು, 2018ರ ಆಗಸ್ಟಿನಲ್ಲಿ, ನಮ್ಮ ಕೊಡಗಿನ ಗುಡ್ಡಗಳೂ ಹೀಗೆಯೇ ಜರಿದಿದ್ದವು. ಗುಡ್ಡವು ನ್ಯಾಯಾಲಯದ ತೀರ್ಪನ್ನು ಓದುವದಿಲ್ಲ. ತನ್ನ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬದನ್ನಷ್ಟೇ ಅದು ಬಲ್ಲದು.

ಒಬ್ಬ ತರುಣನು ಒಂದು ಕೋಣೆ ಹಿಡಿದರೆ ಇಷ್ಟೆಲ್ಲ ಕೆಟ್ಟುಹೋಗುವದೆ ಎಂದು ಕೇಳುವವರಿದ್ದಾರೆ. ಒಬ್ಬನಿಂದ ಏನೂ ಕೆಡುವದಿಲ್ಲ. ಆದರೆ ಬೆಂಗಳೂರು ದಿಲ್ಲಿಗಳ ಸಂಬಳದವನು ಕೊಡಬಲ್ಲ ಬಾಡಿಗೆಯನ್ನು ಶಿಮ್ಲಾದ ಶಾಲಾಮಾಸ್ತರನಾಗಲಿ ಅಂಗಡಿಯ ಗುಮಾಸ್ತನಾಗಲಿ ಕೊಡಲಾರನು. 1970ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವು ಅದೇ ಸಮರ್ ಹಿಲ್ಲಿನಲ್ಲಿದೆ. ದೂರದ ಕಣಿವೆಗಳಿಂದ ಓದಲು ಬರುವ ಬಡ ವಿದ್ಯಾರ್ಥಿಗೂ ಕೋಣೆ ಬೇಕು. ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆ ಲಾಭದಾಯಕವೆಂದು ಕಂಡ ಮನೆಯ ಮಾಲಕನು ಯಾರಿಗೆ ಬಾಗಿಲು ತೆರೆಯುವನೆಂದು ಬೇರೆ ಹೇಳಬೇಕಿಲ್ಲ. ಸಾಲದ್ದಕ್ಕೆ ಇನ್ನೊಂದು ಮಾಳಿಗೆ ಎತ್ತುವ ಆಸೆ ಅವನಿಗೆ ಹುಟ್ಟುವದೂ ಇಲ್ಲಿಂದಲೇ.

ನಾಣ್ಯದ ಇನ್ನೊಂದು ಮುಖವನ್ನೂ ನೋಡುವದು ನ್ಯಾಯ. ಬಂದವನ ಹಣವು ಊರಿನ ಕಿರಾಣಿ ಅಂಗಡಿಗೂ ಹಾಲಿನವನಿಗೂ ಮುಟ್ಟುತ್ತದೆ. ಬೇಸಗೆಯ ಎರಡು ತಿಂಗಳ ಪ್ರವಾಸಿಗರಿಗಿಂತ ವರ್ಷವಿಡೀ ಇರುವ ಬಾಡಿಗೆದಾರನು ಊರಿಗೆ ಮೇಲು. ಇದಕ್ಕೂ ಮಿಗಿಲಾಗಿ, ಹೊಟ್ಟೆಪಾಡಿಗಾಗಿ ಚಂಡೀಗಢ, ದಿಲ್ಲಿ, ಬೆಂಗಳೂರುಗಳಿಗೆ ಇಳಿದುಹೋದ ಹಿಮಾಚಲದ ಮಕ್ಕಳು ಕೆಲಸ ಬಿಡದೆ ತಂದೆತಾಯಿಗಳ ಬಳಿಗೆ ಮರಳಲು ಈ ಪದ್ಧತಿಯು ಅವಕಾಶ ಕೊಡುತ್ತದೆ. 2020ರಲ್ಲಿ ನಮ್ಮ ಮಲೆನಾಡಿಗೆ ಮರಳಿದ ಹುಡುಗರು ಫೋನಿನ ಸಂಕೇತಕ್ಕಾಗಿ ಗುಡ್ಡ ಹತ್ತಿ ಕುಳಿತು ಕೆಲಸ ಮಾಡಿದ್ದನ್ನು ನಾವು ಮರೆತಿಲ್ಲ. ಹಳ್ಳಿಯನ್ನು ಬರಿದು ಮಾಡದೆ ಉದ್ಯೋಗ ಕೊಡುವ ಯಾವ ಉಪಾಯವಾದರೂ ಸ್ವಾಗತಾರ್ಹವೇ. ದೂರದಿಂದ ದುಡಿಯುವ ಪದ್ಧತಿಯ ನಿಜವಾದ ಸಾರ್ಥಕ್ಯವು ಊರಿನವನು ಊರಿಗೆ ಮರಳುವದರಲ್ಲಿದೆ. ಪರ ಊರಿನವನು ಹೋಗುವದಾದರೆ ಕೆಲವು ನಿಯಮಗಳಿಗೆ ಕಟ್ಟುಬಿದ್ದು ಹೋಗತಕ್ಕದ್ದು.

ಒಂದು ಮಾತಿನಲ್ಲಿ ಹಿಮಾಚಲದ ಹಿರಿಯರ ದೂರದೃಷ್ಟಿಯನ್ನು ಹೊಗಳಲೇಬೇಕು. ರೈತನಲ್ಲದವನು ಸರಕಾರದ ಅಪ್ಪಣೆಯಿಲ್ಲದೆ ಅಲ್ಲಿ ಹೊಲ ಕೊಳ್ಳಕೂಡದೆಂದು 1972ರ ಭೂಸುಧಾರಣೆಯ ಕಾಯಿದೆಯ 118ನೆಯ ಕಲಮಿನಲ್ಲಿ ವಿಧಿಸಲಾಗಿದೆ. ಆ ಬೇಲಿ ಇರದಿದ್ದರೆ ಬಯಲಿನ ಹಣವು ಗುಡ್ಡಗಳನ್ನು ಎಂದೋ ಕ್ರಯಕ್ಕೆ ಕೊಂಡುಬಿಡುತ್ತಿತ್ತು. ಆ ಬೇಲಿಯನ್ನು ಸಡಿಲಿಸುವ ಯಾವ ಯತ್ನವನ್ನೂ ಅಲ್ಲಿಯ ಜನರು ಒಪ್ಪಬಾರದು. ಆದರೆ ಕಲಮು ಹೊಲವನ್ನು ಕಾಯಬಲ್ಲದು, ಕೊಡದ ನೀರನ್ನು ಕಾಯಲಾರದು. ಆದುದರಿಂದ ದಿನದ ಬಾಡಿಗೆಗೆ ಕೊಡುವ ಪ್ರತಿಯೊಂದು ಮನೆಯನ್ನೂ ಪಟ್ಟಣಸಭೆಯು ಪಟ್ಟಿಮಾಡಿ, ನೀರು ಚರಂಡಿಗಳ ವೆಚ್ಚಕ್ಕಾಗಿ ಬೇರೆ ದರವನ್ನು ವಿಧಿಸಬೇಕು. ಆ ಹಣವನ್ನು ಬೇರೊಂದು ಬಾಬಿಗೆ ತಿರುಗಿಸಕೂಡದು. ಇಳಿಜಾರಿನ ಹಳೆಯ ಕಟ್ಟಡಗಳನ್ನು ಎಂಜಿನಿಯರರಿಂದ ಪರೀಕ್ಷೆ ಮಾಡಿಸಿ, ಅಪಾಯವಾದವುಗಳಿಗೆ ಬಾಡಿಗೆದಾರರನ್ನು ಬಿಡದಂತೆ ತಡೆಯಬೇಕು. ಹಸಿರು ವಲಯದ ಒಂದು ಮರಕ್ಕೂ ಕೊಡಲಿ ಬೀಳಬಾರದು. ಕಂಪನಿಗಳವರು ತಮ್ಮ ನೌಕರನನ್ನು ದೂರವಿದ್ದಾನೆಂಬ ನೆಪದಿಂದ ಹಗಲಿರುಳು ದುಡಿಸದೆ, ಹೊತ್ತಿಗೆ ಸರಿಯಾಗಿ ಬಿಡಬೇಕು. ಕೋಣೆಯಿಂದ ಹೊರಬೀಳದವನಿಗೆ ಊರಿನ ಪರಿಚಯವಾದರೂ ಹೇಗಾದೀತು?

ತರುಣನು ಮಾಡಬೇಕಾದದ್ದೂ ಕಠಿಣವೇನಲ್ಲ. ವಾರಕ್ಕೊಂದು ಊರು ತಿರುಗುವದಕ್ಕಿಂತ ವರ್ಷದ ಕರಾರಿನಿಂದ ಒಂದು ಮನೆ ಹಿಡಿಯಲಿ. ಕಾರನ್ನು ಬಿಟ್ಟು ಬಸ್ಸನ್ನೂ ಕಾಲನ್ನೂ ನಂಬಲಿ. ಮಳೆಯ ನೀರನ್ನು ಹಿಡಿಯುವ, ಮಿತವಾಗಿ ಬಳಸುವ ಅಭ್ಯಾಸ ಮಾಡಿಕೊಳ್ಳಲಿ. ನೆರೆಯವರ ಪಹಾಡಿ ಮಾತನ್ನು ನಾಲ್ಕಾರು ತಿಂಗಳಲ್ಲಿ ಕಲಿಯಲಿ. ಅವರ ಮಕ್ಕಳಿಗೆ ತನ್ನ ಗಣಕವಿದ್ಯೆಯನ್ನು ವಾರಕ್ಕೊಂದು ಗಳಿಗೆ ಕಲಿಸಲಿ. ಸ್ಟೋಕ್ಸರು ಸೇಬಿನ ಸಸಿ ತಂದರು. ಈತನು ತನ್ನ ವಿದ್ಯೆಯನ್ನು ಕೊಟ್ಟರೆ ಸಾಕು.

ಇದು ಆಗದ ಮಾತೆಂದು ಹೇಳುವವರಿಗೆ ಶಿಮ್ಲಾದಲ್ಲಿಯೇ ಒಂದು ಸಾಕ್ಷಿಯಿದೆ. 1888ರಲ್ಲಿ ವೈಸರಾಯನ ವಾಸಕ್ಕೆಂದು ಮುಗಿಸಿದ ಅರಮನೆಯು ಸ್ವಾತಂತ್ರ್ಯಾನಂತರ ರಾಷ್ಟ್ರಪತಿಗಳದಾಯಿತು. ಡಾ. ರಾಧಾಕೃಷ್ಣನ್ನರು ಅದನ್ನು ವಿದ್ವಾಂಸರಿಗೆ ಬಿಟ್ಟುಕೊಟ್ಟರು. 1965ರಿಂದ ಅಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ ನಡೆಯುತ್ತಿದೆ. ನಮ್ಮ ಡಿ. ಆರ್. ನಾಗರಾಜರಂಥವರೂ ಅಲ್ಲಿ ಫೆಲೋ ಆಗಿದ್ದು ವ್ಯಾಸಂಗ ಮಾಡಿದರು. ಅವರೂ ಗುಡ್ಡದ ಮೇಲೆ ಕುಳಿತು ದುಡಿದವರೇ. ಅದೇ ಕಲ್ಲಿನ ಗೋಡೆ, ಅದೇ ಗಾಳಿ. ಆದರೆ ಆಜ್ಞೆ ಹೊರಡುತ್ತಿದ್ದ ಕಡೆಯಿಂದ ಈಗ ಗ್ರಂಥಗಳು ಹೊರಡುತ್ತಿವೆ. ಮನೆಯು ಬದಲಾಗಲಿಲ್ಲ, ಮನೆಯಲ್ಲಿದ್ದವನ ಉದ್ದೇಶವು ಬದಲಾಯಿತು. ಶಿಮ್ಲಾಕ್ಕೆ ಹೋಗುವ ತರುಣರು ಸುಖವಾಗಿ ಹೋಗಲಿ. ಐನೂರನೆಯ ಮಾಳಿಗೆಯಲ್ಲಿ ಬಾಗಿಲಿಕ್ಕಿಕೊಂಡು ಕೂಡದೆ, ನೀರಿಗಾಗಿ ಕೊಡ ಹಿಡಿದ ಸಾಲಿನಲ್ಲಿ ತಾವೂ ನಿಲ್ಲುವ ಸಿದ್ಧತೆಯಿಂದ ಹೋಗಲಿ ಎಂದಷ್ಟೇ ನಮ್ಮ ಸೂಚನೆ.