ಹುಬ್ಬಳ್ಳಿ ಫೈಲಿಗೂ ಊರ ಚೀಟಿಗೂ ಮುಖಪರಿಚಯವೇ ಇಲ್ಲ!

ಶಿರಸಿ, ಸಿದ್ದಾಪುರ, ಯಲ್ಲಾಪುರ. ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಐವತ್ತು ದಾಟಿದ ಹೆಂಗಸರ ಕಪಾಟು ತೆಗೆದರೆ ಬಿ.ಪಿ. ಮಾತ್ರೆಯ ಚೀಟಿ ಸಿಗುವುದು ಹೊಸ ಸಂಗತಿಯೇನಲ್ಲ. ಕೆಲವರ ಕಪಾಟಿನಲ್ಲಿ ಇನ್ನೊಂದು ಫೈಲೂ ಇರುತ್ತದೆ. ದಪ್ಪ ಫೈಲು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯದ್ದೋ, ಮಣಿಪಾಲದ್ದೋ, 1973ರಿಂದ ನಡೆದುಬಂದ ಬೆಂಗಳೂರಿನ ಕಿದ್ವಾಯಿಯದ್ದೋ. ಸ್ತನ ಕ್ಯಾನ್ಸರಿನ ಫೈಲು. ಅದು ಸೀರೆಗಳ ಅಡಿಯಲ್ಲಿ ಇರುತ್ತದೆ. ನೆಂಟರಿಷ್ಟರು ಬಂದರೆ ಕಣ್ಣಿಗೆ ಬೀಳಬಾರದಲ್ಲ!

ಚೀಟಿ ಊರ ಡಾಕ್ಟರದ್ದು, ಫೈಲು ದೂರದ ಡಾಕ್ಟರದ್ದು. ಇಲ್ಲಿ ಫೈಲು ತೋರಿಸುವುದಿಲ್ಲ, ಅಲ್ಲಿ ಚೀಟಿ ಒಯ್ಯುವುದಿಲ್ಲ. ಎರಡೂ ಒಂದೇ ಮೇಜಿನ ಮೇಲೆ ಕೂತ ದಿನವೇ ಇಲ್ಲ. ತಾಪತ್ರಯ ಶುರುವಾಗುವುದು ಇಲ್ಲಿಂದ.

ಹಾಗಂತ ಯಾರೂ ಗಾಬರಿ ಬೀಳಬೇಕಾಗಿಲ್ಲ. "ಬಿ.ಪಿ. ಗುಳಿಗೆಗೂ ಕ್ಯಾನ್ಸರ್ ಗುಳಿಗೆಗೂ ಆಗಿಬರೂದಿಲ್ವಂತೆ" ಎಂದು ಬಸ್ಸಿನಲ್ಲಿ ಯಾರೋ ಅಂದದ್ದಕ್ಕೆ ಒಂದನ್ನು ಬಿಟ್ಟುಬಿಡುವ ಜನ ಇದ್ದಾರೆ. ಅದರಷ್ಟು ದೊಡ್ಡ ತಪ್ಪು ಬೇರೆ ಇಲ್ಲ. ಆಪರೇಶನ್, ಕೀಮೋ ಎಲ್ಲ ಮುಗಿದ ಮೇಲೆ ಐದು ವರ್ಷ, ಕೆಲವರು ಹತ್ತು ವರ್ಷ ನುಂಗುವ ಟಮಾಕ್ಸಿಫೆನ್, ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳಿಗೂ, ಈ ಕಡೆ ಸಾಮಾನ್ಯವಾಗಿ ಬರೆದುಕೊಡುವ ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಎನಲಾಪ್ರಿಲ್, ಅಟೆನೊಲಾಲ್‌ಗಳಿಗೂ ನೇರ ಜಗಳ ಅಷ್ಟಾಗಿ ಇಲ್ಲ. ಜಗಳ ಹಚ್ಚುವುದು ನಡುವೆ ಬಂದು ಸೇರುವ ಮೂರನೆಯ ಮಾತ್ರೆ!

ಅದು ಬರುವ ದಾರಿ ನೋಡಿ. ಲೆಟ್ರೊಜೋಲ್ ತಕ್ಕೊಳ್ಳುವ ಹಲವರಿಗೆ ಗಂಟುಗಂಟು ನೋಯುತ್ತದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲಿಕ್ಕೆ ಬರುವುದಿಲ್ಲ. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿಯ ಮುಂದೆ ಕೂರುವ ಹೆಂಗಸು ಇದನ್ನು ಮಾತ್ರೆಯ ಗುಣ ಅಂತ ಎಲ್ಲಿ ತಿಳಿಯಬೇಕು? "ಅಡಿಕೆ ಸುಲಿದದ್ದಕ್ಕೇ ನೋವು" ಅಂದುಕೊಂಡು ಪೇಟೆಗೆ ಬಂದಾಗ ಔಷಧಿ ಅಂಗಡಿಗೆ ಹೋಗುತ್ತಾಳೆ. "ತಮ್ಮಾ, ಎಂತಾದ್ರೂ ನೋವಿನ ಮಾತ್ರೆ ಕೊಡೋ." ತಮ್ಮ ಕೊಡುತ್ತಾನೆ. ಡೈಕ್ಲೋಫೆನಾಕ್, ಹತ್ತು ಮಾತ್ರೆಯ ಒಂದು ಪಟ್ಟಿ. ಇದು ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲದ ಮಾತ್ರೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಈ ಜಾತಿಯ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಬಿ.ಪಿ. ಏರುತ್ತದೆ. ಟೆಲ್ಮಿಸಾರ್ಟಾನ್, ಎನಲಾಪ್ರಿಲ್, ಮೂತ್ರ ಹೋಗಿಸುವ ಮಾತ್ರೆ, ಇವುಗಳ ಕಸುವನ್ನೂ ತಗ್ಗಿಸುತ್ತವೆ. ಮುಂದಿನ ತಿಂಗಳು ಊರ ಡಾಕ್ಟರು ಬಿ.ಪಿ. ನೋಡಿ "ಹೆಚ್ಚಾಗ್ಯದಲ್ಲ ಅಮ್ಮ" ಎಂದು ಡೋಸು ಏರಿಸುತ್ತಾರೆ. ನೋವಿನ ಮಾತ್ರೆಯ ಸುದ್ದಿ ಅವರಿಗೆ ಯಾರೂ ಹೇಳಿರುವುದಿಲ್ಲ. ಟೆಲ್ಮಿಸಾರ್ಟಾನಿನ ಜೊತೆ ಮೂತ್ರದ ಮಾತ್ರೆ ಸೇರಿಸಿದ ಜೋಡಿ ಗುಳಿಗೆ ಈಗ ಧಾರಾಳ. ಅದರ ಮೇಲೆ ದಿನಾ ಡೈಕ್ಲೋಫೆನಾಕ್ ಬಿದ್ದರೆ ಪೆಟ್ಟು ತಿನ್ನುವುದು ಮೂತ್ರಪಿಂಡ. ಗಂಟು ನೋವಿನ ಮಾತನ್ನು ಫೈಲು ಬರೆದ ಡಾಕ್ಟರಿಗೇ ಹೇಳಿದ್ದರೆ ಮಾತ್ರೆ ಬದಲಿಸುವ ದಾರಿಯಾದರೂ ಇತ್ತು.

ಇನ್ನೊಂದು ಬಗೆಯದು. ಟಮಾಕ್ಸಿಫೆನ್ ಹೊಟ್ಟೆಗೆ ಹೋದ ಕೂಡಲೇ ಪೂರ್ತಿ ಕೆಲಸ ಮಾಡುವುದಿಲ್ಲ. ಯಕೃತ್ತಿನ ಒಂದು ಕಿಣ್ವ ಅದನ್ನು ಬದಲಾಯಿಸಿ ಬಲ ಕೊಡಬೇಕು. ಮೈ ಬಿಸಿ ಏರುತ್ತದೆ, ನಿದ್ರೆಯಿಲ್ಲ, ಮನಸ್ಸಿಗೆ ಮಂಕು ಎಂದು ಯಾರೋ ಪ್ಯಾರಾಕ್ಸಿಟಿನ್ ಅಥವಾ ಫ್ಲೂಆಕ್ಸಿಟಿನ್ ಬರೆದುಕೊಟ್ಟರೆ ಅದು ಆ ಕಿಣ್ವದ ಬಾಗಿಲನ್ನೇ ಮುಚ್ಚುತ್ತದೆ. ಟಮಾಕ್ಸಿಫೆನ್ನಿನ ಬಲ ಕುಂದೀತು. ಬಿ.ಪಿ.ಗೆಂದು ತಕ್ಕೊಳ್ಳುವ ಮೆಟೊಪ್ರೊಲಾಲ್ ಕರಗುವುದೂ ಅದೇ ಬಾಗಿಲಿನಿಂದ. ಅದು ರಕ್ತದಲ್ಲೇ ಉಳಿದು ನಾಡಿ ನಿಧಾನವಾಗಿ, ತಲೆ ತಿರುಗಿ ಬಚ್ಚಲಲ್ಲಿ ಬಿದ್ದರೆ "ಪಿತ್ತ ಆಗಿತ್ತು" ಎನ್ನುವವರೇ ಹೆಚ್ಚು.

ಬಿ.ಪಿ. ಮಾತ್ರೆ ಎಂದು ಹೆಸರಾದದ್ದೆಲ್ಲ ಬಿ.ಪಿ.ಗೇ ಕೊಟ್ಟದ್ದೆಂದೂ ತಿಳಿಯಬಾರದು. ಕೀಮೋದಲ್ಲಿ ಕೊಡುವ ಕೆಂಪು ಬಣ್ಣದ ಡಾಕ್ಸೊರುಬಿಸಿನ್, ಆಮೇಲಿನ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಕೆಲವರ ಹೃದಯಕ್ಕೆ ದಣಿವು ತರುತ್ತವೆ. ಅದಕ್ಕೆಂದೇ ದೂರದ ಡಾಕ್ಟರು ಎನಲಾಪ್ರಿಲ್ಲೋ ಕಾರ್ವೆಡಿಲಾಲ್ಲೋ ಬರೆದಿರುತ್ತಾರೆ. ಇಲ್ಲಿ ಬಿ.ಪಿ. 120-80 ತೋರಿಸಿತು, "ಇನ್ನು ಎಂತಕ್ಕೆ?" ಎಂದು ನಿಲ್ಲಿಸಿದರೆ ಕತೆ ಬೇರೆಯೇ ಆಗುತ್ತದೆ.

ಹೊಸ ಮಾತ್ರೆಗಳೂ ಬಂದಿವೆ. 2023ರಲ್ಲಿ ಪಾಲ್ಬೊಸಿಕ್ಲಿಬ್‌ನ ಪೇಟೆಂಟ್ ಮುಗಿದು ಅಗ್ಗದ ಗುಳಿಗೆಗಳು ಸಿಗತೊಡಗಿದವು. ಇದಕ್ಕೂ, ರೈಬೊಸಿಕ್ಲಿಬ್‌ಗೂ, ಡಿಲ್ಟಿಯಾಜೆಮ್, ವೆರಪಾಮಿಲ್ ಎಂಬ ಬಿ.ಪಿ. ಮಾತ್ರೆಗಳಿಗೂ ನೇರ ಜಗಳವೇ ಉಂಟು. ಇನ್ನು ಮನೆಮದ್ದು. ಕೆಮ್ಮಿಗೆ ಒಂದು ದಿನ ಜ್ಯೇಷ್ಠಮಧುವಿನ ಕಷಾಯ ಕುಡಿದರೆ ಏನೂ ಆಗದು, ತಿಂಗಳುಗಟ್ಟಲೆ ಕುಡಿದರೆ ಅದೂ ಬಿ.ಪಿ. ಏರಿಸುತ್ತದೆ. (ಅಪ್ಪೆಮಿಡಿ ಉಪ್ಪಿನಕಾಯಿಯ ಮಾತು ಬೇಡ, ಅದನ್ನು ಬಿಡಿ ಅಂದರೆ ಈ ಮೂರು ತಾಲೂಕಿನಲ್ಲಿ ಯಾರೂ ಪತ್ರಿಕೆ ಓದಲಿಕ್ಕಿಲ್ಲ.)

2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಪಲ್ಟಿಯಾಗಿ ನಾಲ್ವರು ಸತ್ತಾಗ, ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಕಾರವಾರದಿಂದ ಸಿದ್ದಾಪುರದ ತನಕ ಎದ್ದಿತು. ಪುಢಾರಿಗಳು ಭರವಸೆ ಕೊಟ್ಟರು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಎರಡು ಚೀಟಿಗಳನ್ನು ಒಂದು ಹಾಳೆಗೆ ಇಳಿಸಲಿಕ್ಕೆ ಜಾಗ ಬೇಡ, ಟೆಂಡರು ಬೇಡ, ಶಂಕುಸ್ಥಾಪನೆಯ ಕಲ್ಲೂ ಬೇಡ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಬಿ.ಪಿ., ಸಕ್ಕರೆ, ಸ್ತನ ಕ್ಯಾನ್ಸರ್ ಎಲ್ಲದರ ತಪಾಸಣೆಗೆ ಮನೆಮನೆ ಸುತ್ತಿ ಹೆಸರು ಬರೆಯುತ್ತಾರೆ. ಅದೇ ಕಾಗದದಲ್ಲಿ "ಈಗ ತಕ್ಕೊಳ್ಳುವ ಎಲ್ಲ ಮಾತ್ರೆಗಳು" ಎಂದು ಒಂದು ಅಂಕಣ ಸೇರಿಸಲಿ. 2015ರ ಫಾರ್ಮಸಿ ನಿಯಮಾವಳಿ, ರೋಗಿಗೆ ಮಾತ್ರೆಗಳ ಬಗ್ಗೆ ತಿಳಿಹೇಳುವುದು ಔಷಧಿಗಾರನ ಕೆಲಸವೆಂದೇ ಹೇಳುತ್ತದೆ. ತಾಲೂಕಾ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಾಗಲಿ, ಪೇಟೆಯ ಅಂಗಡಿಯಲ್ಲಾಗಲಿ "ಅಮ್ಮಾ, ಬೇರೆ ಎಂತ ಮಾತ್ರೆ ತಕ್ಕೊಳ್ತೀರಿ?" ಎಂದು ಕೇಳಲಿಕ್ಕೆ ಅರ್ಧ ನಿಮಿಷ ಸಾಕು.

ಅಲ್ಲಿಯವರೆಗೆ ಮನೆಯವರೇ ಈ ಕೆಲಸ ಮಾಡಬೇಕು. ಹುಬ್ಬಳ್ಳಿ ಬಸ್ಸು ಹತ್ತುವ ದಿನ ಬುತ್ತಿಯ ಜೊತೆಗೆ ಬಿ.ಪಿ. ಚೀಟಿ, ನೋವಿನ ಮಾತ್ರೆಯ ಖಾಲಿ ಪಟ್ಟಿ, ಕಷಾಯದ ಪುಡಿಯ ಪೊಟ್ಟಣ, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿರಿ. ಊರ ಡಾಕ್ಟರಲ್ಲಿಗೆ ಹೋಗುವಾಗ ಸೀರೆಯಡಿಯ ಫೈಲು ಹೊರಗೆ ಬರಲಿ. ಮೂರು ತಾಲೂಕುಗಳ ಆರೋಗ್ಯಾಧಿಕಾರಿಗಳೇ, ಆ ಒಂದು ಅಂಕಣ ಸೇರಿಸುವ ಸುತ್ತೋಲೆ ಹೊರಡಿಸಲಿಕ್ಕೆ ಎಷ್ಟು ದಿನ ಬೇಕು?