ಆಕ್ಷೇಪಣೆಗೆ ಸಕಾಲ ಯಾವುದು?

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಬಹುಕಾಲ ಮರ ಕಡಿಯುವ ತೀರ್ಮಾನವು ಅರ್ಜಿದಾರ ಮತ್ತು ವೃಕ್ಷಾಧಿಕಾರಿಯ ನಡುವಿನ ಕಡತದ ವ್ಯವಹಾರವಾಗಿಯೇ ಇತ್ತು. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಲ್ಲಿ ಪ್ರಕಟಣೆ ಹೊರಡಿಸಿ ನಾಗರಿಕರ ಆಕ್ಷೇಪಣೆ ಆಹ್ವಾನಿಸಬೇಕೆಂಬ ನಿಯಮವು ಆನಂತರದ ತಿದ್ದುಪಡಿಯಿಂದ ಬಂತು. ಇದು ಸ್ವಾಗತಾರ್ಹವೇ. ಆದರೆ ಆ ಪ್ರಕಟಣೆ ಯಾವ ಹಂತದಲ್ಲಿ ಹೊರಡುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ನಕ್ಷೆ ಅಂತಿಮಗೊಂಡಿರುತ್ತದೆ, ಹಣ ಮಂಜೂರಾಗಿರುತ್ತದೆ. ಆಮೇಲೆ ಕೇಳುವ ಅಭಿಪ್ರಾಯ ಬರೀ ಉಪಚಾರ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರಗಳು ಬಲಿಯಾಗಬೇಕಿತ್ತು. 2016ರಲ್ಲಿ ಜನ ಮಾನವ ಸರಪಳಿ ಕಟ್ಟಿ ಬೀದಿಗಿಳಿದರು. 2017ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕಚೇರಿಯಲ್ಲಿ ಮೊದಲೇ ಆಲಿಸಬಹುದಾಗಿದ್ದ ಮಾತನ್ನು ರಸ್ತೆಯಲ್ಲಿ ಆಲಿಸಬೇಕಾಯಿತು.

ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಕಡಿದ ಮರದ ನಾಟಾಕ್ಕೆ ಹರಾಜಿನಲ್ಲಿ ಬೆಲೆಯುಂಟು. ಅದರ ನೆರಳಿಗೆ, ತಂಪಿಗೆ, ಅದು ಹಿಡಿದಿಡುವ ಮಳೆನೀರಿಗೆ ಅಂದಾಜುಪಟ್ಟಿಯಲ್ಲಿ ಕಲಂ ಇಲ್ಲ. ರಸ್ತೆ ಅಗಲವಾದರೆ ಲಾಭ ವಾಹನದಲ್ಲಿ ಹಾದುಹೋಗುವವರಿಗೆ. ನಷ್ಟ ಆ ಬೀದಿಯ ನಿವಾಸಿಗೆ, ಮರದಡಿ ತಳ್ಳುಗಾಡಿ ನಿಲ್ಲಿಸುವ ವ್ಯಾಪಾರಿಗೆ. ಲೆಕ್ಕಕ್ಕೆ ಬಾರದ ಈ ನಷ್ಟವನ್ನು ಕಡತಕ್ಕೆ ತರುವ ಸಾಧನವೇ ಆಕ್ಷೇಪಣೆ. ಅದನ್ನು ಅಭಿವೃದ್ಧಿಗೆ ಅಡ್ಡಿಯೆಂದು ಭಾವಿಸುವುದು ತಪ್ಪು.

ಸಾರ್ವಜನಿಕ ಸಮಾಲೋಚನೆಯಿಂದ ವಿಳಂಬವಾಗುತ್ತದೆ ಎಂಬುದು ಆಡಳಿತದ ಆತಂಕ. ಆ ಆತಂಕ ನಿರಾಧಾರವಲ್ಲ. ಆದರೆ ನ್ಯಾಯಾಲಯದ ತಡೆಯಾಜ್ಞೆಯಿಂದಾಗುವ ವಿಳಂಬ ಅದಕ್ಕಿಂತ ದುಬಾರಿ.

ಆದ್ದರಿಂದ ಕೆಲವು ಬದಲಾವಣೆಗಳು ಅಗತ್ಯ. ಕರಡು ನಕ್ಷೆಯ ಹಂತದಲ್ಲಿಯೇ ಪ್ರತಿ ಮರದ ಜಾತಿ, ಸುತ್ತಳತೆ ಮತ್ತು ಸ್ಥಳವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಪ್ರತಿ ಆಕ್ಷೇಪಣೆಗೂ ಕಾರಣಸಹಿತ ಲಿಖಿತ ಉತ್ತರ ದೊರೆಯಬೇಕು. 50ರ ಮಿತಿಯನ್ನು ಇಡೀ ಯೋಜನೆಗೆ ಅನ್ವಯಿಸಬೇಕು. ಇಲ್ಲವಾದರೆ ಕಾಮಗಾರಿಯನ್ನು ತುಂಡುತುಂಡಾಗಿ ವಿಂಗಡಿಸಿ ನಿಯಮದಿಂದ ನುಣುಚಿಕೊಳ್ಳಲು ಅವಕಾಶವಾಗುತ್ತದೆ.

ಬದಲಿ ಸಸಿ ನೆಡುವಾಗಲೂ ಸ್ಥಳೀಯರ ಮಾತಿಗೆ ಬೆಲೆಯಿರಬೇಕು. ಊರಾಚೆ ನೆಟ್ಟ ಸಸಿ ಈ ಬೀದಿಗೆ ನೆರಳಾಗದು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ನೆಟ್ಟ ಸಾಲುಮರಗಳ ನೆರಳನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ. ನೆಟ್ಟರಷ್ಟೇ ಸಾಲದು, ಬೇರಿಗೆ ಉಸಿರಾಡಲು ಮಣ್ಣೂ ಬೇಕು. ಮರದ ಸುತ್ತ ಒಂದು ಮೀಟರ್ ವ್ಯಾಪ್ತಿಯಲ್ಲಿ ಕಾಂಕ್ರೀಟ್ ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ದೆಹಲಿಯ ಸಂಸ್ಥೆಗಳಿಗೆ ಆದೇಶಿಸಿತ್ತು. ನಮ್ಮ ಪಾದಚಾರಿ ಮಾರ್ಗಗಳ ವಿನ್ಯಾಸಕ್ಕೂ ಇದೇ ನಿಯಮವಾಗಬೇಕು.

ಮರ ಬೆಳೆಯಲು ಒಂದು ತಲೆಮಾರು ಬೇಕು, ಉರುಳಿಸಲು ಅರ್ಧ ದಿನ ಸಾಕು. ಈ ಅಂತರ ತಿಳಿದ ಸರ್ಕಾರ ಕೊಡಲಿ ಎತ್ತುವ ಮೊದಲಲ್ಲ, ನಕ್ಷೆ ಬರೆಯುವ ಮೊದಲೇ ಜನರನ್ನು ಕೇಳಬೇಕು.