ಹೇಳದೆ ಮನೆ ಬದಲಾಯಿಸಿದ ಫೋಲ್ಡರು
ಈ ವಾರ ಪುರುಸೊತ್ತಾದಾಗ ನಿಮ್ಮ ವಿಂಡೋಸ್ 11 ಲ್ಯಾಪ್‌ಟಾಪಿನ ಡಾಕ್ಯುಮೆಂಟ್ಸ್ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಲೊಕೇಶನ್ ನೋಡಿ. ವಿಳಾಸದ ನಡುವೆ ‘ಒನ್‌ಡ್ರೈವ್’ ಕಂಡರೆ ನಿಮ್ಮ ಸಾಮಾನು ಆಗಲೇ ಆ ಹೆಸರಿನ ಕ್ಲೌಡ್ ಗೋದಾಮು ಸೇರಿದೆ. ಬಾಗಿಲ ಮೇಲಿನ ಹೆಸರಷ್ಟೇ ಹಳೆಯದು. ಇದಕ್ಕೆ ಒನ್‌ಡ್ರೈವ್ ಇಟ್ಟ ಹೆಸರು ಬ್ಯಾಕಪ್. ಬ್ಯಾಕಪ್ ಎಂದರೆ ಇನ್ನೊಂದು ಪ್ರತಿ ಎಂದುಕೊಂಡಿದ್ದೆವಲ್ಲ, ಇದು ಒಕ್ಕಲೆಬ್ಬಿಸುವ ಕೆಲಸ! ಅಲ್ಲಿನ ಪುಕ್ಕಟೆ ಜಾಗವೋ 5 ಜಿಬಿ, ಒಂದು ಮದುವೆಯ ವಿಡಿಯೊಗೂ ಸಾಲದು. ಸಿಟ್ಟಿನಲ್ಲಿ ಲ್ಯಾಪ್‌ಟಾಪಿನ ಆ ಫೋಲ್ಡರಿನಲ್ಲಿರುವುದನ್ನು ಅಳಿಸೀರಿ, ಜೋಕೆ: ಸಿಂಕ್ ನಡೆಯುತ್ತಿದ್ದರೆ ಕ್ಲೌಡ್‌ನಲ್ಲಿರುವುದೂ ಅಳಿಯುತ್ತದೆ. ಮೊದಲು ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಆ ಫೋಲ್ಡರಿನ ಬ್ಯಾಕಪ್ ನಿಲ್ಲಿಸಿ. ಫೈಲುಗಳು ತಾವಾಗಿಯೇ ಹಿಂದಿರುಗದಿದ್ದರೆ ಸಿ ಡ್ರೈವಿನ ಯೂಸರ್ಸ್‌ನಲ್ಲಿ ನಿಮ್ಮ ಹೆಸರಿನಡಿ ಇರುವ ಡಾಕ್ಯುಮೆಂಟ್ಸ್‌ಗೆ ಕೈಯಾರೆ ಸಾಗಿಸಿ. ಕ್ಲೌಡ್ ಬೇಡವೆಂದಲ್ಲ, ಆದರೆ ಕೇಳದೆ ಮಾಡುವ ಉಪಕಾರಕ್ಕೆ ನನ್ನ ಭಾಷೆಯಲ್ಲಿ ದರ್ಪ ಎಂದೇ ಹೆಸರು.